ಹಂಗಾಮಿ, ಆಣೆವಾರಿ, ಷರಾ: ದುಡಿಮೆಯ ರೂಪಕಗಳು ಉದ್ಯೋಗದ ನಿತ್ಯಭಾಷೆಯಲ್ಲಿ ಬೆರೆಯುವ ಬಗೆ

ಚಿಕ್ಕೋಡಿ ತಾಲೂಕಿನ ಸದಲಗಾ ದೂಧಗಂಗಾ ನದಿಯ ದಂಡೆಯ ಮೇಲಿರುವ ಊರು. ಸುತ್ತಲಿನದೆಲ್ಲ ಕಬ್ಬಿನ ಸೀಮೆ. ನಿಪ್ಪಾಣಿಯ ಕಡೆಗೆ ಹೋದಂತೆ ತಂಬಾಕು. ಕನ್ನಡ ಮರಾಠಿಗಳೆರಡೂ ಒಂದೇ ವಾಕ್ಯದಲ್ಲಿ ಕೂಡಿಬರುವುದು ಇಲ್ಲಿಯ ಮಾತಿನಲ್ಲಿ ಸಾಮಾನ್ಯ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಕಾಲೇಜೊಂದರ ಕಚೇರಿಗೆ ವೃದ್ಧ ರೈತರೊಬ್ಬರು ಬಂದು, ಮೊಮ್ಮಗಳ ವಿಷಯವಾಗಿ ಇತಿಹಾಸದ ಅಧ್ಯಾಪಕರೊಡನೆ ಮಾತನಾಡಬೇಕಾಗಿದೆಯೆಂದರು. ಗುಮಾಸ್ತರು, “ಅವರ ತಾಸು ಮುಗಿದಿರಬೇಕು, ಅವರೇನೂ ಖಾಯಂ ಅಲ್ಲ, ಹಂಗಾಮಿ” ಎಂದು ಉತ್ತರಿಸಿದರು. ಅದಕ್ಕೆ ವೃದ್ಧರು ಕೇಳಿದರು: “ಯಾವ ಹಂಗಾಮಿನವರ್ರೀ ಸಾಹೇಬರ? ಮುಂಗಾರಿಯವರೋ, ಹಿಂಗಾರಿಯವರೋ?” ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಆ ಹಂಗಾಮಿ ಅಧ್ಯಾಪಕನೂ ನಕ್ಕನು. ಅವನೇ ಈ ಲೇಖನವನ್ನು ಬರೆಯುತ್ತಿರುವವನು.

ಆ ಪ್ರಶ್ನೆಯು ನಗತಕ್ಕದ್ದಾಗಿರಲಿಲ್ಲವೆಂಬುದು ನನಗೆ ಹೊಳೆದದ್ದು ತಡವಾಗಿ. ‘ಹಂಗಾಮು’ ಎಂಬುದು ಪಾರಸಿಯಿಂದ ಮರಾಠಿಯ ಮಾರ್ಗವಾಗಿ ನಮ್ಮ ಕಡೆಗೆ ಬಂದ ಶಬ್ದ. ಕಾಲ, ಋತು ಎಂದು ಅದರ ಅರ್ಥ. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು, ಕಬ್ಬು ನುರಿಸುವ ಹಂಗಾಮು ಎಂದು ನಮ್ಮ ರೈತರು ದಿನವೂ ಆಡುತ್ತಾರೆ. ಹಂಗಾಮಿಗೆ ಸೇರಿದ್ದು, ಹಂಗಾಮಿನ ಮಟ್ಟಿಗೆ ಇರತಕ್ಕದ್ದು ಯಾವುದೋ ಅದು ‘ಹಂಗಾಮಿ’. ಹೊಲದಿಂದ ಕಚೇರಿಗೆ ಬಂದ ಮೇಲೆ ಈ ಶಬ್ದವು ಮಳೆಬೆಳೆಗಳ ಸಂಬಂಧವನ್ನು ಕಳಚಿಕೊಂಡು, ಖಾಯಮಲ್ಲದ್ದು, ತಾತ್ಕಾಲಿಕವಾದದ್ದು ಎಂಬಷ್ಟೇ ಅರ್ಥದಲ್ಲಿ ನೆಲೆನಿಂತಿತು. 1969ರಲ್ಲಿ ಜಾಕಿರ್ ಹುಸೇನರ ನಿಧನಾನಂತರ ರಾಷ್ಟ್ರಪತಿಯ ಕಾರ್ಯವನ್ನು ವಹಿಸಿಕೊಂಡ ವಿ. ವಿ. ಗಿರಿಯವರನ್ನು ಕನ್ನಡದಲ್ಲಿ ‘ಹಂಗಾಮಿ ರಾಷ್ಟ್ರಪತಿ’ ಎನ್ನುತ್ತೇವೆ. ಹಾಗೆನ್ನುವಾಗ ಯಾರಿಗೂ ಜೋಳದ ಹೊಲದ ನೆನಪಾಗುವುದಿಲ್ಲ. ಆದರೆ ಆ ವೃದ್ಧರಿಗೆ ಆಯಿತು. ಒಂದೇ ಕೋಣೆಯಲ್ಲಿ, ಒಂದೇ ಶಬ್ದವು, ಗುಮಾಸ್ತರಿಗೆ ಸತ್ತ ರೂಪಕವಾಗಿಯೂ ರೈತರಿಗೆ ಜೀವಂತವಾದ ವಾಚ್ಯಾರ್ಥವಾಗಿಯೂ ಇದ್ದಿತು. ಈ ಎರಡು ಸ್ಥಿತಿಗಳ ನಡುವಣ ಅಂತರವೇ ಪ್ರಕೃತ ಲೇಖನದ ವಿಷಯ. ದುಡಿಮೆಯ ಒಂದು ಸ್ಥಳದಲ್ಲಿ ಹುಟ್ಟಿದ ಮಾತು ಇನ್ನೊಂದು ಉದ್ಯೋಗದ ನಿತ್ಯಭಾಷೆಯನ್ನು ಹೇಗೆ ಹೊಗುತ್ತದೆ, ಹೊಗುವಾಗ ತನ್ನೊಡನೆ ಏನನ್ನು ತರುತ್ತದೆ ಎಂಬುದನ್ನು ಕೆಲವು ನಿದರ್ಶನಗಳಿಂದ ನೋಡೋಣ.

ನಮ್ಮ ಅಲಂಕಾರಶಾಸ್ತ್ರಜ್ಞರಿಗೆ ಈ ಸಂಗತಿ ಹೊಸದಲ್ಲ. ವಾಚ್ಯಾರ್ಥವು ಬಾಧಿತವಾದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಕೊಡುವ ವ್ಯಾಪಾರಕ್ಕೆ ಅವರು ‘ಲಕ್ಷಣೆ’ ಎಂದು ಹೆಸರಿಟ್ಟು, ಬಳಕೆಯಿಂದಲೇ ಸಿದ್ಧವಾದದ್ದನ್ನು ‘ರೂಢಿ’ ಎಂದು ಬೇರ್ಪಡಿಸಿದರು. 11ನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ‘ಕುಶಲ’ ಎಂಬ ಶಬ್ದ. ಕುಶವೆಂದರೆ ದರ್ಭೆ, ಕೈಗೆ ಗಾಯವಾಗದಂತೆ ದರ್ಭೆಯನ್ನು ಕಿತ್ತು ತರಬಲ್ಲವನು ಕುಶಲ, ಮುಂದೆ ಯಾವ ಕೆಲಸದಲ್ಲಿಯೇ ಆಗಲಿ ನಿಪುಣನಾದವನು ಕುಶಲನಾದನು. ‘ಸಾಹಿತ್ಯದರ್ಪಣ’ದ ವಿಶ್ವನಾಥನು ಈ ಉದಾಹರಣೆಯನ್ನು ಒಪ್ಪಲಿಲ್ಲ, ನಿಪುಣನೆಂಬುದೇ ಅದರ ಮುಖ್ಯಾರ್ಥವಾಗಿಬಿಟ್ಟಿದೆಯೆಂಬುದು ಅವನ ವಾದ. ಅಂದರೆ ರೂಪಕವು ಸತ್ತಿತೋ ಇನ್ನೂ ಇದೆಯೋ ಎಂಬ ಜಗಳವು ನಮ್ಮಲ್ಲಿ ಬಹಳ ಹಳೆಯದು. ‘ಪ್ರವೀಣ’ನೆಂದರೆ ವೀಣೆಯನ್ನು ಚೆನ್ನಾಗಿ ಬಲ್ಲವನೆಂದೂ ‘ನಿಷ್ಣಾತ’ನೆಂದರೆ ಚೆನ್ನಾಗಿ ಮಿಂದವನೆಂದೂ ವ್ಯುತ್ಪತ್ತಿ ಹೇಳುವರು. ಇಂಥ ಪತ್ರಿಕೆಗಳಲ್ಲಿ ನಾವು ಬರೆಯುವ ‘ಗವೇಷಣೆ’ಯು ಮೊದಲು ಕಳೆದುಹೋದ ಗೋವನ್ನು ಹುಡುಕುವುದಾಗಿತ್ತು, ‘ಸಂಶೋಧನೆ’ಯು ಕಶ್ಮಲವನ್ನು ಕಳೆದು ಶುದ್ಧಿಮಾಡುವುದು. ದನ ಕಾಯುವವನಿಂದ ಬಂದ ಶಬ್ದವನ್ನು ವಿದ್ವಾಂಸರು ಹೆಮ್ಮೆಯಿಂದ ಧರಿಸಿಕೊಂಡಿರುವುದು ನನಗೆ ಸಂತೋಷದ ವಿಷಯವೇ ಆಗಿದೆ.

ಕನ್ನಡದ ಸ್ವಂತ ಶಬ್ದಸಂಪತ್ತಿನಲ್ಲಿ ಇಂಥವು ಹೇರಳ. ಜೀವನದಲ್ಲಿ ಯಾವುದೋ ಒಂದು ‘ಹಾಸುಹೊಕ್ಕಾಗಿ’ದೆ ಎನ್ನುವಾಗ ನಾವು ನೇಕಾರನ ಮಗ್ಗದ ಉದ್ದೆಳೆ ಅಡ್ಡೆಳೆಗಳನ್ನು ಹೇಳುತ್ತಿರುತ್ತೇವೆ. ವಾದವನ್ನು ‘ಒರೆಗೆ ಹಚ್ಚು’ವುದು ಅಕ್ಕಸಾಲಿಗನಿಂದ, ಬುದ್ಧಿಯನ್ನು ‘ಸಾಣೆ ಹಿಡಿ’ಯುವುದು ಕತ್ತಿ ಮಸೆಯುವವನಿಂದ, ‘ಪಡಿಯಚ್ಚು’ ಎರಕದವನಿಂದ, ಜೊಳ್ಳನ್ನು ‘ತೂರಿ’ ಕಾಳನ್ನು ಉಳಿಸಿಕೊಳ್ಳುವುದು ಒಕ್ಕಲಿಗನ ಕಣದಿಂದ ಬಂದವುಗಳು. ಶರಣರ ಹೆಸರುಗಳನ್ನೇ ನೋಡಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಒಕ್ಕಲಿಗ ಮುದ್ದಣ್ಣ, ಸುಂಕದ ಬಂಕಣ್ಣ, ವೈದ್ಯ ಸಂಗಣ್ಣ. ಇವರಲ್ಲಿ ಅನೇಕರು ತಮ್ಮ ತಮ್ಮ ಕಸುಬಿನ ಉಪಕರಣಗಳನ್ನೂ ಪರಿಭಾಷೆಯನ್ನೂ ಎತ್ತಿಕೊಂಡು ಆಧ್ಯಾತ್ಮವನ್ನು ನುಡಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಹುಟ್ಟು ಹಾಕುವವನು ತಾನೇ ಹುಟ್ಟಿನ ರೂಪಕವನ್ನು ಆರಿಸಿಕೊಳ್ಳುತ್ತಾನೆ. ಹಗ್ಗ ಹೊಸೆಯುವವನು ತಾನೇ ಹಗ್ಗದ ಮಾತನ್ನು ಆಡುತ್ತಾನೆ. ಮಾತು ದುಡಿಯುವ ಕೈಯಿಂದ ಹೊರಟು ಮೇಲಕ್ಕೆ ಹೋಗುತ್ತದೆ. ಕೇಳುವವರಿಗೂ ಆ ಕಸುಬಿನ ಪರಿಚಯವಿದ್ದುದರಿಂದ ಅಲ್ಲಿ ಮರೆಮಾಚುವಂಥದೇನೂ ಇರಲಿಲ್ಲ.

ಕಚೇರಿಯ ಶಬ್ದಗಳ ಇತಿಹಾಸವು ಇದಕ್ಕಿಂತ ಬೇರೆಯಾದದ್ದು. ಆದಿಲಶಾಹಿ, ಮರಾಠರ ಆಳಿಕೆ, ಅನಂತರ 1818ರಲ್ಲಿ ಪೇಶ್ವೆಗಳ ರಾಜ್ಯ ಅಳಿದ ಮೇಲೆ ಕಂಪನಿಯ ಆಡಳಿತ — ಹೀಗೆ ಆಳುವವರು ಬದಲಾದರೂ ಈ ಸೀಮೆಯ ದಫ್ತರದ ಭಾಷೆಯು ಬಹುಮಟ್ಟಿಗೆ ಒಂದೇ ಆಗಿ ಉಳಿಯಿತು: ಪಾರಸಿ ಅರಬ್ಬಿ ಶಬ್ದಗಳಿಂದ ತುಂಬಿದ, ಮೋಡಿ ಲಿಪಿಯಲ್ಲಿ ಬರೆದ ಮರಾಠಿ. 1836ರಲ್ಲಿ ಧಾರವಾಡದಿಂದ ಬೇರ್ಪಡಿಸಿ ಬೆಳಗಾವಿ ಜಿಲ್ಲೆಯನ್ನು ರಚಿಸಿದರು. ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡ ಶಾಲೆಗಳು ಹೆಚ್ಚಿದವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆದರೂ ದಫ್ತರದ ಶಬ್ದಗಳು ಹಿಂದೆ ಸರಿಯಲಿಲ್ಲ. ಕಚೇರಿಯ ಅಂಗಳವನ್ನು ದಾಟಿ ಶಾಲೆ, ಪತ್ರಿಕೆ, ಸಾಹಿತ್ಯವಿಮರ್ಶೆಗಳವರೆಗೂ ನಡೆದುಬಂದವು.

‘ಬೇರೀಜು’ ಎಂಬುದು ಜಮಾಬಂದಿಯ ಲೆಕ್ಕದ ಒಟ್ಟು ಮೊತ್ತ. ಇಂದು ವಿಮರ್ಶಕರು ಕವಿಯ ಸಾಧನೆಯನ್ನು ಬೇರೀಜು ಮಾಡುತ್ತಾರೆ. ‘ತಾಳೆ ನೋಡು’ವುದು ಲೆಕ್ಕ ಸರಿಬಂದಿತೇ ಎಂದು ಪರೀಕ್ಷಿಸುವ ಕಾರಕೂನನ ಕೆಲಸ; ನಾವು ಹಸ್ತಪ್ರತಿಗಳನ್ನು ತಾಳೆ ನೋಡುತ್ತೇವೆ. ‘ಖಾತೆ’ಯು ಸಾಹುಕಾರನ ಲೆಕ್ಕದ ಪುಸ್ತಕದ ಒಂದು ಪುಟ, ಮುಂಬಯಿ ಕರ್ನಾಟಕದಲ್ಲಿ ಅದೇ ಸರಕಾರದ ವಿಭಾಗಕ್ಕೆ ಹೆಸರಾಗಿ ‘ವಿದ್ಯಾಖಾತೆ’ ಎಂಬ ಶಬ್ದ ಹುಟ್ಟಿತು. ವಿದ್ಯೆಯು ಲೆಕ್ಕದ ಪುಟವೊಂದರ ಶೀರ್ಷಿಕೆಯಾದದ್ದನ್ನು ಯಾರೂ ಅಂದು ವಿಚಿತ್ರವೆಂದು ಎಣಿಸಿದಂತೆ ತೋರುವುದಿಲ್ಲ. ‘ಮಾಮೂಲು’ ಎಂದರೆ ಪದ್ಧತಿಯಂತೆ ಸಲ್ಲತಕ್ಕ ಬಾಬು. ಇಂದು ಅದಕ್ಕೆ ಸಾಮಾನ್ಯವಾದದ್ದು ಎಂಬುದು ಒಂದರ್ಥ, ಇನ್ನೊಂದು ಅರ್ಥವನ್ನು ವಾಚಕರು ಬಲ್ಲರು. ಕಂಪನಿಯ ಕಾಲದ ಕಚೇರಿಗಳಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತ, ಜಾಗವೊಂದು ತೆರವಾದೀತೆಂಬ ಆಸೆಯಿಂದ ಕಾಯುತ್ತಿದ್ದವನು ‘ಉಮೇದುವಾರ’; ಉಮೇದು ಎಂದರೆ ಪಾರಸಿಯಲ್ಲಿ ಆಸೆ. ಈಗ ಉಮೇದುವಾರರು ಚುನಾವಣೆಗೆ ನಿಲ್ಲುತ್ತಾರೆ, ‘ಉಮೇದು’ ಹುರುಪೆಂಬ ಅರ್ಥವನ್ನು ಪಡೆದಿದೆ; ಕಾಯುತ್ತ ಕುಳಿತವನ ಚಿತ್ರ ಮಾತ್ರ ಅಳಿಸಿಹೋಗಿದೆ. ಅಳಿಸಿಹೋಗಿದೆಯೆಂದು ನಾನು ಹೇಳುವುದು ಶಬ್ದದಿಂದ, ಕಚೇರಿಗಳಿಂದಲ್ಲ.

‘ಷರಾ’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಮರಾಠಿಯ ‘ಶೇರಾ’ ಇದೇ. ಕೆಳಗಿನವನು ಬರೆದು ಕಳಿಸಿದ ಕಾಗದದ ಮೇಲೆ ಮೇಲಿನವನು ಬರೆಯುವ ಚಿಕ್ಕ ಟಿಪ್ಪಣಿ ಷರಾ. ಅದಕ್ಕೆ ಉತ್ತರ ಬರೆಯುವ ಸ್ಥಳ ಅದೇ ಕಾಗದದಲ್ಲಿ ಇರುವುದಿಲ್ಲ. ಈಗ ನಿತ್ಯದ ಮಾತಿನಲ್ಲಿ “ಅವನು ಕೆಲಸಕ್ಕೆ ಬಾರದವನೆಂದು ಷರಾ ಬರೆದುಬಿಟ್ಟರು” ಎನ್ನುತ್ತೇವೆ. ಅಭಿಪ್ರಾಯ ಕೊಡುವುದಕ್ಕೂ ಷರಾ ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡಿಗನು ವಿವರಣೆಯಿಲ್ಲದೆ ತಿಳಿಯುತ್ತಾನೆ: ಷರಾಕ್ಕೆ ಮರುಮಾತಿಲ್ಲ. ಶಬ್ದವು ಕಚೇರಿಯನ್ನು ಬಿಟ್ಟು ಬಂದರೂ ಬರೆಯುವವನೂ ಬರೆಸಿಕೊಳ್ಳುವವನೂ ಕಚೇರಿಯಲ್ಲಿ ನಿಂತಿದ್ದ ಸ್ಥಾನಗಳನ್ನು ಹಾಗೆಯೇ ಹೊತ್ತು ತಂದಿದೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ಅಮೇರಿಕದ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ರೂಪಕವು ಮಾತಿಗೆ ಆಭರಣವಲ್ಲ, ಯೋಚನೆಯ ಅಚ್ಚೇ ಆಗಿದೆಯೆಂದು ಪ್ರತಿಪಾದಿಸಿದರು. ಅವರ ಸಿದ್ಧಾಂತದ ಗುಣದೋಷಗಳು ಭಾಷಾಶಾಸ್ತ್ರಜ್ಞರಿಗೆ ಬಿಟ್ಟದ್ದು. ಇತಿಹಾಸದ ವಿದ್ಯಾರ್ಥಿಗೆ ಬೇಕಾದ ಪ್ರಶ್ನೆ ಇನ್ನೂ ಸರಳವಾದುದು: ಈ ಮಾತು ಯಾವ ಸ್ಥಳದಿಂದ ಬಂದಿತು, ಆ ಸ್ಥಳದಲ್ಲಿ ಅಳೆಯುವವನು ಯಾರು, ಅಳತೆಗೆ ಒಳಗಾಗುವವನು ಯಾರು?

ಈ ಪ್ರಶ್ನೆಗೆ ‘ಆಣೆವಾರಿ’ಯಷ್ಟು ಸ್ಪಷ್ಟವಾದ ಉತ್ತರ ಕೊಡುವ ಶಬ್ದ ನನಗೆ ಬೇರೆ ತಿಳಿದಿಲ್ಲ. ಹಳೆಯ ರೂಪಾಯಿಗೆ 16 ಆಣೆಗಳು. ಮುಂಬಯಿ ಪ್ರಾಂತದ ಭೂಕಂದಾಯದ ಮೋಜಣಿಯು 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭವಾಗಿ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳ ಕೈಯಲ್ಲಿ ರೂಪುಗೊಂಡು, 1847ರ ಸಂಯುಕ್ತ ವರದಿಯಲ್ಲಿ ನಿಯಮಬದ್ಧವಾಯಿತು. ಅದರಲ್ಲಿ ಮಣ್ಣನ್ನು 9 ವರ್ಗಗಳಾಗಿ ವಿಂಗಡಿಸಿ, ಆಳವಾದ ಉತ್ತಮ ಮಣ್ಣಿಗೆ 16 ಆಣೆ ಎಂದು ಹಿಡಿದು, ಅಲ್ಲಿಂದ ಇಳಿಯುತ್ತ 2 ಆಣೆಯವರೆಗೆ ಬೆಲೆ ಕಟ್ಟುತ್ತಿದ್ದರು. ಹೊಲದ ಮಣ್ಣನ್ನು ಅಗೆದು ಆಳವನ್ನು ನೋಡಿ, ಕಲ್ಲು, ಉಸುಕು, ಇಳಿಜಾರು ಮುಂತಾದ ದೋಷಗಳಿದ್ದರೆ ವರ್ಗವನ್ನು ಇಳಿಸುವರು. ಇದು ಮಣ್ಣಿನ ಮಾತಾಯಿತು. ಪ್ರತಿವರ್ಷದ ಬೆಳೆಯನ್ನು ಕೂಡ ಇದೇ ಮಾನದಿಂದ ಅಂದಾಜು ಮಾಡುವ ಪದ್ಧತಿಯೇ ಆಣೆವಾರಿ: ಈ ವರ್ಷ ಜೋಳ 8 ಆಣೆ, ಹತ್ತಿ 5 ಆಣೆ, ಇತ್ಯಾದಿ. ಹಣವು ಇಲ್ಲಿ ಹಣವಲ್ಲ. ಪೂರ್ಣದ ಅಂಶವನ್ನು ತೋರಿಸುವ ಒಂದು ರೂಪಕ.

ಈ ರೂಪಕದ ಒಳಗೆ ಏನಿದ್ದಿತೆಂಬುದನ್ನು 1918ರ ಖೇಡಾ ಸತ್ಯಾಗ್ರಹವು ಬಯಲುಮಾಡಿತು. ಗುಜರಾತಿನ ಖೇಡಾ ಜಿಲ್ಲೆಯೂ ನಮ್ಮ ಬೆಳಗಾವಿಯಂತೆ ಮುಂಬಯಿ ಪ್ರಾಂತಕ್ಕೇ ಸೇರಿದ್ದಿತು. ಬೆಳೆಯು 4 ಆಣೆ ಅಥವಾ ಅದಕ್ಕಿಂತ ಕಡಮೆಯಾದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ತಡೆಹಿಡಿಯಬೇಕೆಂದು ಕೇಳುವ ಅವಕಾಶ ರೈತರಿಗಿದ್ದಿತು. ಬೆಳೆ 4 ಆಣೆಗೂ ಕಡಮೆಯೆಂದು ರೈತರು ಹೇಳಿದರು. ಹೆಚ್ಚೆಂದು ಅಧಿಕಾರಿಗಳು ಹೇಳಿದರು. ಗಾಂಧೀಜಿಯವರೂ ವಲ್ಲಭಭಾಯಿ ಪಟೇಲರೂ ಆ ಹೋರಾಟಕ್ಕೆ ನಿಂತದ್ದು ವಿದಿತವೇ ಇದೆ. ಜಗಳದ ತಿರುಳು ಇಷ್ಟೆ: ಬೆಳೆದವನ ಕಣ್ಣಿಗೆ 4 ಆಣೆಯಾದದ್ದು ಅಳೆಯಲು ಬಂದವನ ಕಣ್ಣಿಗೆ ಅದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಮತ್ತು ದಫ್ತರದಲ್ಲಿ ದಾಖಲಾಗುವುದು ಅಳೆಯುವವನ ಸಂಖ್ಯೆ. ಆಣೆಯ ನಾಣ್ಯವು 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ಲೆಕ್ಕದಿಂದ ಹೊರಟುಹೋಯಿತು. ಮಹಾರಾಷ್ಟ್ರದಲ್ಲಿ ಆಣೆವಾರಿಯು ‘ಪೈಸೇವಾರಿ’ ಎಂಬ ಹೊಸ ಹೆಸರಿನಲ್ಲಿ ಮುಂದುವರಿದಿದೆ. “ಹದಿನಾರಾಣೆ ನಿಜ” ಎಂದು ನಾವು ಇಂದಿಗೂ ಅನ್ನುತ್ತೇವೆ.

ಶಾಲೆಯ ಮಾತಿಗೆ ಬಂದರೆ, ನಮ್ಮ ಹಿರಿಯರು ತರಗತಿಗೆ ‘ಇಯತ್ತೆ’ ಎನ್ನುತ್ತಿದ್ದರು. ಇದು ಸಂಸ್ಕೃತದ ‘ಇಯತ್ತಾ’. ಇಷ್ಟು ಎಂಬ ಪ್ರಮಾಣ. ಹುಡುಗನು ನಾಲ್ಕನೆಯ ಇಯತ್ತೆಯಲ್ಲಿದ್ದಾನೆಂದರೆ ನಾಲ್ಕನೆಯ ಅಳತೆಯಲ್ಲಿದ್ದಾನೆ. ‘ದರ್ಜೆ’ ಎಂದರೆ ಅರಬ್ಬಿಯಲ್ಲಿ ಮೆಟ್ಟಿಲು. ‘ಮೌಲ್ಯಮಾಪನ’ವೆಂಬ ಈಗಿನ ಶಬ್ದವು ಬೆಲೆಯನ್ನು ಅಳೆಯುವುದು. ನಾವು ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡುತ್ತೇವೆ. ನಮ್ಮ ಕಾಲೇಜುಗಳ ಮೌಲ್ಯಮಾಪನವನ್ನು 1994ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ನ್ಯಾಕ್ ಸಂಸ್ಥೆಯು ಮಾಡುತ್ತದೆ. ಅಳೆಯುವುದು ತಪ್ಪೆಂದು ನನ್ನ ವಾದವಲ್ಲ. ನಾನೂ ಪ್ರತಿವರ್ಷ ನೂರಾರು ಉತ್ತರಪತ್ರಿಕೆಗಳಿಗೆ ಬೆಲೆ ಕಟ್ಟುವವನೇ. ಆದರೆ ಮಣ್ಣಿನ ಆಳ ನೋಡುವಾಗ ಗುದ್ದಲಿಯಾದರೂ ಬೇಕಾಗುತ್ತಿತ್ತು.

ರೈಲಿನ ಮಾತು ಬೇಗ ಮುಗಿಯುತ್ತದೆ. ಲೋಂಡಾ–ಮಿರಜ ಮಾರ್ಗವು 19ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಯಬಾಗ, ಕುಡಚಿಗಳ ಮೂಲಕ ಹಾದುಹೋಯಿತು. ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವೂ ಅದರ ಮೇಲೆ ಉಂಟು, ಚಿಕ್ಕೋಡಿಯಿಂದ ಸಾಕಷ್ಟು ದೂರದಲ್ಲಿ. ಸದಲಗೆಗೆ ಹಳಿ ಬರಲಿಲ್ಲ. ‘ಹಳಿ ತಪ್ಪಿದೆ’, ‘ಹಸಿರು ನಿಶಾನೆ ದೊರೆತಿದೆ’ ಎಂಬ ಮಾತುಗಳು ಮಾತ್ರ ಬಂದವು, ಮತ್ತು ಪಂಚಾಯತಿಯಿಂದ ಶಾಲಾ ಆಡಳಿತ ಮಂಡಳಿಯವರೆಗೆ ಎಲ್ಲ ಸಭೆಗಳಲ್ಲಿಯೂ ಓಡಾಡುತ್ತಿವೆ. ರೂಪಕವು ತಾನು ಹುಟ್ಟಿದ ಯಂತ್ರಕ್ಕಿಂತ ಮುಂದೆ ಪ್ರಯಾಣ ಮಾಡಬಲ್ಲದು.

ಈ ಸೀಮೆಗೆ ನಿಜವಾಗಿ ಬಂದ ಯಂತ್ರವೆಂದರೆ ಸಕ್ಕರೆ ಕಾರ್ಖಾನೆ. ಸಂಕೇಶ್ವರದ ಹಿರಣ್ಯಕೇಶಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಮೊದಲಾದ ಸಹಕಾರಿ ಕಾರ್ಖಾನೆಗಳಿಂದ ಇಲ್ಲಿಯ ಊರುಗಳ ಪಂಚಾಂಗವೇ ಬದಲಾಯಿತು. ಹಂಗಾಮು ಎಂಬ ಶಬ್ದಕ್ಕೆ ಮಳೆಯ ನಂಟು ಸಡಿಲವಾಗಿ ಚಿಮಣಿಯ ಹೊಗೆಯ ನಂಟು ಬಿಗಿಯಾಯಿತು. ‘ಇಳುವರಿ’ ಎಂಬುದು ಹೊಲದಲ್ಲಿ ಬೆಳೆಯ ಪ್ರಮಾಣ. ಕಾರ್ಖಾನೆಯಲ್ಲಿ ನೂರು ಭಾಗ ಕಬ್ಬಿನಿಂದ ದೊರೆತ ಸಕ್ಕರೆಯ ಪ್ರಮಾಣ. ಕೇಂದ್ರ ಸರಕಾರವು ಗೊತ್ತುಪಡಿಸುವ ನ್ಯಾಯಸಮ್ಮತ ಲಾಭದಾಯಕ ಬೆಲೆಯು ಈ ಇಳುವರಿಯನ್ನೇ ಅವಲಂಬಿಸಿದೆ. 2022–23ರ ಹಂಗಾಮಿನಿಂದ ಅದಕ್ಕೆ ಶೇಕಡಾ 10.25ರ ಇಳುವರಿಯನ್ನು ಆಧಾರವಾಗಿ ಹಿಡಿದರು. ಕಬ್ಬನ್ನು ಬೆಳೆಯುವವನು ರೈತ, ಇಳುವರಿಯನ್ನು ನಿರ್ಣಯಿಸುವುದು ಕಾರ್ಖಾನೆ. ಆಣೆವಾರಿಯ ಜಗಳವು ಬೇರೊಂದು ವೇಷದಲ್ಲಿ ಪ್ರತಿ ಹಂಗಾಮಿನಲ್ಲಿಯೂ ನಡೆಯುತ್ತಿರುವುದನ್ನು ನಮ್ಮ ಭಾಗದ ವಿದ್ಯಾರ್ಥಿಗಳು ಮನೆಯಲ್ಲಿಯೇ ಕೇಳಿ ಬಲ್ಲರು. ಪರೀಕ್ಷೆಯ ಫಲಿತಾಂಶ ಬಂದ ದಿನ ಅಧ್ಯಾಪಕರ ಕೋಣೆಯಲ್ಲಿ “ಈ ವರ್ಷ ಇಳುವರಿ ಹೇಗಿದೆ?” ಎಂದು ಯಾರಾದರೂ ಕೇಳುತ್ತಾರೆ. ಅದು ತಮಾಷೆ. ಆದರೆ ತಮಾಷೆಗಿಂತ ಮೊದಲೇ ‘ಫಲಿತಾಂಶ’ವೆಂಬ ಶಬ್ದದಲ್ಲಿಯೇ ಫಲವಿದೆಯಲ್ಲ.

ತಮಾಷೆಯಲ್ಲದ ಒಂದು ಶಬ್ದವನ್ನು ಈಗ ಹೇಳಬೇಕು. 1929ರಲ್ಲಿ ಸರ್ ಫಿಲಿಪ್ ಹಾರ್ಟಗರ ಅಧ್ಯಕ್ಷತೆಯ ಸಮಿತಿಯು ಭಾರತದ ಶಿಕ್ಷಣವನ್ನು ಕುರಿತ ತನ್ನ ವರದಿಯಲ್ಲಿ ಪ್ರಾಥಮಿಕ ಶಿಕ್ಷಣದ ಎರಡು ದೋಷಗಳನ್ನು ಹೆಸರಿಸಿತು. ಪ್ರಾಥಮಿಕ ಹಂತವನ್ನು ಮುಗಿಸುವ ಮೊದಲೇ ಮಕ್ಕಳು ಶಾಲೆಯನ್ನು ಬಿಡುವುದು ‘ಅಪವ್ಯಯ’. ಒಂದೇ ತರಗತಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಉಳಿಯುವುದು ‘ನಿಶ್ಚಲತೆ’. ಬಿ.ಎಡ್. ಓದಿದವರೆಲ್ಲ ಇವನ್ನು ಕಂಠಪಾಠ ಮಾಡಿದ್ದಾರೆ. ಅಪವ್ಯಯವೆಂಬುದು ಕಾರ್ಖಾನೆಯ ಮಾತು: ಕಚ್ಚಾ ಸಾಮಗ್ರಿಯನ್ನು ಒಳಗೆ ಹಾಕಿ, ಸಿದ್ಧವಸ್ತುವಾಗಿ ಹೊರಗೆ ಬಾರದೆ ನಷ್ಟವಾದ ಭಾಗ. ಸಮಿತಿಯ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಖರ್ಚು ವ್ಯರ್ಥವಾಗುತ್ತಿದೆಯೆಂದು ತೋರಿಸುವುದೇ ಅದರ ಚಿಂತೆ. ಆದರೆ ರೂಪಕವು ಒಂದು ಪ್ರಶ್ನೆಯನ್ನು ಸದ್ದಿಲ್ಲದೆ ಮುಚ್ಚಿಬಿಟ್ಟಿತು. ವ್ಯರ್ಥವಾದದ್ದು ಶಾಲೆಯ ಖರ್ಚೆಂದು ಕಂಡಿತು. ಶಾಲೆಯನ್ನು ಬಿಟ್ಟ ಮಗು ಎಲ್ಲಿಗೆ ಹೋಯಿತು, ಅಲ್ಲಿ ಏನು ಮಾಡುತ್ತಿದೆ ಎಂಬುದು ಕಾಣದಾಯಿತು. ಮರಾಠಿಯಲ್ಲಿ ಇದನ್ನೇ ‘ಗಳತಿ’ ಎನ್ನುತ್ತಾರೆ, ನಮ್ಮ ಕಡೆಯ ಕಚೇರಿಗಳಲ್ಲಿಯೂ ಆ ಶಬ್ದ ಬಾಯಲ್ಲಿದೆ: ತೂತಿನಿಂದ ಸೋರಿಹೋದದ್ದು. ಸೋರಿದ ನೀರು ತಾನಾಗಿ ಎಲ್ಲಿಗೂ ಹೋಗಬಯಸುವುದಿಲ್ಲ. ಅದಕ್ಕೆ ಮರಳಿಬರುವ ದಾರಿಯೂ ಇರುವುದಿಲ್ಲ. ಇಂಥ ದೃಷ್ಟಿಗೆ ರಾಷ್ಟ್ರಮಟ್ಟದ ಮುದ್ರೆಯೂ ಬಿದ್ದಿತು. 1985ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವು ‘ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ’ವಾಯಿತು, 2020ರಲ್ಲಿ ಮತ್ತೆ ‘ಶಿಕ್ಷಣ’ವೆಂಬ ಹಳೆಯ ಹೆಸರನ್ನು ಪಡೆಯಿತು. ಆ 35 ವರ್ಷಗಳಲ್ಲಿ ವಿಚಾರಸಂಕಿರಣಗಳಿಗೆ ಉಪನ್ಯಾಸ ಕೊಡಲು ಬಂದವರೆಲ್ಲ ‘ಸಂಪನ್ಮೂಲ ವ್ಯಕ್ತಿ’ಗಳಾದರು. ಸಚಿವಾಲಯದ ಹೆಸರು ತಿರುಗಿ ಬಂದಿದೆ; ಇವರು ಇನ್ನೂ ತಿರುಗಿ ಬಂದಿಲ್ಲ.

ಇದಕ್ಕೆ ಪ್ರತಿಯಾಗಿ, ಕೆಲವು ಕಡೆ ಉದ್ಯೋಗವು ಮನೆಯ ಮಾತನ್ನು ಎರವಲು ಪಡೆಯುವುದೂ ಉಂಟು. ನಮ್ಮ ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಖಾಯಂ ಅಲ್ಲದ ಅಧ್ಯಾಪಕನು ಈಗ ‘ಅತಿಥಿ ಉಪನ್ಯಾಸಕ’. ಅವನಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಅವನು ಇರಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವುದು ಮಾತ್ರ ವಾರಕ್ಕೆ ಇಷ್ಟು ತಾಸುಗಳ ‘ಕಾರ್ಯಭಾರ’. ಅತಿಥಿಯನ್ನು ಭಾರದಿಂದ ತೂಗುವ ಮನೆಯು ನಮ್ಮ ಯಾವ ಸ್ಮೃತಿಗಳಲ್ಲಿಯೂ ಕಂಡುಬರುವುದಿಲ್ಲ. ‘ಹಂಗಾಮಿ’ ಎಂಬ ಹಳೆಯ ಶಬ್ದವು ಒರಟಾಗಿದ್ದರೂ ಸತ್ಯವನ್ನು ಹೇಳುತ್ತಿದ್ದಿತು: ಕೆಲಸವಿದ್ದಷ್ಟು ದಿನ ನೀನು. ‘ಅತಿಥಿ’ ಎಂಬುದು ಸವಿಯಾದ ಶಬ್ದ. ಆದರೆ ಅತಿಥಿಯಾದವನು ಅಡುಗೆಮನೆಯ ಲೆಕ್ಕ ಕೇಳಬಾರದು. ನಾನು ಎರಡೂ ಹೆಸರುಗಳಿಂದ ಕರೆಯಿಸಿಕೊಂಡವನಾದ್ದರಿಂದ ಈ ವಿಷಯದಲ್ಲಿ ನನ್ನನ್ನು ನಿಷ್ಪಕ್ಷಪಾತಿಯೆಂದು ವಾಚಕರು ಎಣಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಣೆ ಉಳಿಯುತ್ತದೆ. ಶಬ್ದಗಳು ಹೀಗೆಯೇ ಬೆಳೆಯತಕ್ಕವು. ಕುಶಲನೆಂದರೆ ದರ್ಭೆ ಕೀಳುವವನೆಂದು ಈಗ ಯಾರು ನೆನೆಯುತ್ತಾರೆ? ಹಾಗೆಯೇ ಹಂಗಾಮಿ, ಷರಾ, ಗಳತಿಗಳೂ ತಮ್ಮ ಹುಟ್ಟನ್ನು ಮರೆತು ಬರಿಯ ಸಂಕೇತಗಳಾಗಿವೆ. ವ್ಯುತ್ಪತ್ತಿಯಿಂದ ಜಗಳ ತೆಗೆಯುವುದು ಪಾಂಡಿತ್ಯದ ವ್ಯಸನ. ಇದರಲ್ಲಿ ಬಹುಪಾಲು ನಿಜವಿದೆ. ಬೇರೀಜು, ತಾಳೆಗಳ ವಿಷಯದಲ್ಲಿ ನಾನು ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅವುಗಳ ಮುಳ್ಳು ಮುರಿದಿದೆ. ಆದರೆ ದರ್ಭೆಯ ಕೆಲಸ ನಮ್ಮ ನಡುವೆ ಈಗ ಅಪರೂಪ. ಹಂಗಾಮಿನ ಕೆಲಸ ಹಾಗಲ್ಲ. ರೂಪಕದ ಮೂಲವಾದ ದುಡಿಮೆಯು ಪಕ್ಕದಲ್ಲಿಯೇ ಜೀವಂತವಾಗಿ ನಡೆದಿರುವಾಗ, ಆ ದುಡಿಮೆಯವರೇ ಬಂದು ನಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತಿರುವಾಗ, ಶಬ್ದವು ಸತ್ತಿದೆಯೆಂದು ತೀರ್ಮಾನಿಸುವ ಅಧಿಕಾರ ಒಳಗೆ ಕುಳಿತವರೊಬ್ಬರದೇ ಆಗಲಾರದು.

ಆ ವೃದ್ಧರು ಅಂದು ಬಂದ ಕಾರಣವನ್ನು ನಾನು ಇನ್ನೂ ಹೇಳಿಲ್ಲ. ಅವರು ಅಥಣಿಯ ಕಡೆಯ ಒಣಭೂಮಿಯ ಹಳ್ಳಿಯವರು. ಅವರ ಮೊಮ್ಮಗಳು ಮೊದಲನೆಯ ವರ್ಷದ ಬಿ.ಎ. ತರಗತಿಯ ವಿದ್ಯಾರ್ಥಿನಿ, ತಂದೆತಾಯಿಗಳೊಡನೆ ಕೊಲ್ಲಾಪುರದ ಕಡೆಗೆ ಕಬ್ಬು ಕಡಿಯಲು ಹೋಗಿದ್ದಳು. “ಹಂಗಾಮು ಮುಗಿದ ಮ್ಯಾಲೆ ಬರ್ತಾಳ್ರೀ, ಹೆಸರು ತಗೀಬ್ಯಾಡ್ರಿ” ಎಂದು ಕೇಳಿಕೊಳ್ಳಲು ಬಂದಿದ್ದರು. ಮಾತು ಕೊಟ್ಟ ಅಧ್ಯಾಪಕನು ಅವಳು ಮರಳಿ ಬರುವ ಹೊತ್ತಿಗೆ ಇಲ್ಲಿರುವನೋ ಇಲ್ಲವೋ ಎಂದು ತಿಳಿಯುವುದಕ್ಕಾಗಿಯೇ ಅವರು ಯಾವ ಹಂಗಾಮಿನವರೆಂದು ವಿಚಾರಿಸಿದ್ದು. ಆ ತಿಂಗಳು ಮೇಲಿನ ಕಚೇರಿಗೆ ಕಳಿಸಬೇಕಾದ ತಖ್ತೆಯಲ್ಲಿ ತರಗತಿಯನ್ನು ಬಿಟ್ಟವರ ಸಂಖ್ಯೆಯನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. 9 ಜನ ತರಗತಿಗೆ ಬರುತ್ತಿರಲಿಲ್ಲ. ಸಂಖ್ಯೆ ಹೆಚ್ಚಾದರೆ ಕಾರ್ಯಭಾರ ಕಡಮೆಯಾಗುವುದು, ಕಾರ್ಯಭಾರ ಕಡಮೆಯಾದರೆ ನನ್ನ ತಾಸುಗಳೇ ಹೋಗುವುವು. ಆದುದರಿಂದ ನಾನು ಆ ಮನೆಯನ್ನು ತುಂಬುವಾಗ ಕೇವಲ ಭಾಷೆಯ ಸೂಕ್ಷ್ಮವನ್ನೇ ಯೋಚಿಸುತ್ತಿದ್ದೆನೆಂದು ಹೇಳಿಕೊಳ್ಳಲಾರೆ. 9 ಎಂದೇ ಬರೆದೆನು. ತಖ್ತೆಯ ಕೊನೆಯಲ್ಲಿ, ಒಂದು ಬೆರಳಿನಷ್ಟು ಅಗಲದ ಮನೆ ಖಾಲಿಯಿದ್ದಿತು. ಅದರ ತಲೆಯ ಮೇಲೆ ‘ಷರಾ’ ಎಂದು ಅಚ್ಚಾಗಿತ್ತು. ಅದರಲ್ಲಿ ಸಣ್ಣ ಅಕ್ಷರಗಳಿಂದ ಹೀಗೆ ಬರೆದೆನು: “ಇವರಲ್ಲಿ 4 ಜನ ಕಬ್ಬು ಕಡಿಯಲು ಹೋಗಿರುತ್ತಾರೆ. ಹಂಗಾಮು ಮುಗಿದ ಮೇಲೆ ಬರತಕ್ಕವರು. ಹೆಸರು ತೆಗೆಯಬಾರದು.”